ಚೀನಾದ ಚಕ್ರವರ್ತಿಗಳೂ ನಮ್ಮ ಚೇರ್ಮನ್ನರ ಪುಸ್ತಿಕೆಯೂ

ಅಬುಧಾಬಿ ಬಿಟ್ಟು ಊರಿಗೆ ಬಂದು ಕೂತ ಮೇಲೆ, ಗಲ್ಫಿನ ಶಾಲೆಗಳಿಗೆ ಹೊರಟ ಹೊಸ ಮೇಷ್ಟ್ರುಗಳು ಸಲಹೆ ಕೇಳಲು ನನ್ನ ಬಳಿ ಬರುವುದುಂಟು. ಎಲ್ಲರದೂ ಮೊದಲು ಒಂದೇ ಪ್ರಶ್ನೆ: ಅಲ್ಲಿ ಸೆಖೆ ಎಷ್ಟು ಸಾರ್? ಎರಡನೆಯದು: ಫ್ಲಾಟು ಅವರೇ ಕೊಡ್ತಾರಾ? ಪಾಠದ ಬಗ್ಗೆ ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ. ಅದಕ್ಕೇ ನಾನಾಗಿ ಬರೆದಿಡುತ್ತಿದ್ದೇನೆ. ಸೆಖೆಯ ವಿಷಯವೂ ಬರುತ್ತದೆ, ಗಾಬರಿ ಬೇಡ.

ನಾನು ಚರಿತ್ರೆಯ ಮೇಷ್ಟ್ರು. ಅಬುಧಾಬಿಯ ಕಾರ್ಖಾನೆಗಳ ಪ್ರದೇಶ ಮುಸಫ್ಫಾದ ಹತ್ತಿರ ಒಂದು ಇಂಡಿಯನ್ ಸ್ಕೂಲಿನಲ್ಲಿ ಇಪ್ಪತ್ತೊಂದು ವರ್ಷ ಕೆಲಸ ಮಾಡಿದೆ. ಗಲ್ಫಿನ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರ ಸ್ಥಾನಮಾನ ಏನು ಎಂದು ತಿಳಿಯಬೇಕಾದರೆ ಪೇರೆಂಟ್ಸ್ ಮೀಟಿಂಗಿನ ದಿನ ಹೋಗಿ ನೋಡಬೇಕು. ಗಣಿತದ ಟೀಚರ ಮುಂದಿನ ಸಾಲು ಕಾರಿಡಾರು ದಾಟಿ ಮೆಟ್ಟಿಲವರೆಗೆ ಇರುತ್ತದೆ. ನನ್ನ ಮೇಜಿಗೂ ಜನ ಬರುತ್ತಿದ್ದರು, ಇಲ್ಲವೆಂದಲ್ಲ. ಬಂದು, "ಸಾರ್, ಮ್ಯಾಥ್ಸ್ ಟೀಚರ್ ಎಲ್ಲಿ ಕೂತಿದ್ದಾರೆ?" ಎಂದು ಕೇಳುತ್ತಿದ್ದರು. ನಾನು ಎದ್ದು ನಿಂತು ದಾರಿ ತೋರಿಸುತ್ತಿದ್ದೆ.

ಪಾಠ ಕಡಿಮೆ, ಉಪಕೆಲಸ ಹೆಚ್ಚು. ಅಸೆಂಬ್ಲಿಯ ಭಾಷಣ, ವಾರ್ಷಿಕೋತ್ಸವದ ಸ್ಕ್ರಿಪ್ಟು, ಬಸ್ ಡ್ಯೂಟಿ, ಪರೀಕ್ಷಾ ವಿಭಾಗದ ಉಸ್ತುವಾರಿ ಎಲ್ಲವೂ ನನ್ನ ತಲೆಗೆ. ಏಪ್ರಿಲಿನಲ್ಲಿ ಇಂಡಿಯಾದಿಂದ ಪಠ್ಯಪುಸ್ತಕದ ಕಟ್ಟು ಬಂದ ಕೂಡಲೇ ಇನ್ನೊಂದು ಕೆಲಸ. ನಮ್ಮ ಪುಸ್ತಕದ ಭೂಪಟದಲ್ಲಿ ಎದುರಿನ ಸಮುದ್ರಕ್ಕೆ 'ಪರ್ಷಿಯನ್ ಗಲ್ಫ್' ಎಂದು ಹೆಸರು; ಅಲ್ಲಿನ ಸರ್ಕಾರಕ್ಕೆ ಅದು 'ಅರೇಬಿಯನ್ ಗಲ್ಫ್'. ಹಾಗಾಗಿ ನಾವು ಸೋಶಿಯಲ್ ಸೈನ್ಸಿನವರು ಕಪ್ಪು ಮಾರ್ಕರ್ ಹಿಡಿದು ಕೂತು, ಒಂದೊಂದು ಪುಸ್ತಕದಲ್ಲೂ ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆಯುತ್ತಿದ್ದೆವು. ಮೊದಲ ವರ್ಷ ಕೈ ನಡುಗಿತ್ತು. ಐದನೇ ವರ್ಷಕ್ಕೆ ಚಹಾ ಕುಡಿಯುತ್ತಾ, ಕ್ರಿಕೆಟ್ ಮಾತಾಡುತ್ತಾ ಅರ್ಧ ಗಂಟೆಯಲ್ಲಿ ನೂರು ಸಮುದ್ರ ತಿದ್ದುವಷ್ಟು ಪಳಗಿದ್ದೆ.

ಇನ್ನು ನಮ್ಮ ಚೇರ್ಮನ್ನರು. ಉಡುಪಿ ಕಡೆಯವರೇ. ಟೈಲ್ಸು, ಸಿಂಕು, ಕಮೋಡುಗಳ ದೊಡ್ಡ ವ್ಯಾಪಾರ. ಖಲೀಫಾ ಸಿಟಿಯಲ್ಲಿ ವಿಲ್ಲಾ. ಶಾಲೆಯನ್ನು ಅವರು ಪ್ರೀತಿಯಿಂದಲೇ ಕಟ್ಟಿದ್ದು, ಅದರಲ್ಲಿ ಸಂಶಯವಿಲ್ಲ. ನಮ್ಮ ಟಾಯ್ಲೆಟ್ಟುಗಳಂಥ ಟಾಯ್ಲೆಟ್ಟು ಇಡೀ ಎಮಿರೇಟಿನ ಯಾವ ಶಾಲೆಯಲ್ಲೂ ಇರಲಿಲ್ಲ. ಆಗಾಗ ಹೇಳದೆ ಕೇಳದೆ ಬಂದು ಯಾವುದಾದರೂ ಕ್ಲಾಸಿನ ಕೊನೆಯ ಬೆಂಚಿನಲ್ಲಿ ಕೂರುವುದು ಅವರ ಅಭ್ಯಾಸ. ಎಣ್ಣೆಯ ಬೆಲೆ ಬಿದ್ದು ಮುಸಫ್ಫಾದ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ವರ್ಷ, ಒಂದು ದಿನ ನನ್ನ ಹನ್ನೊಂದನೇ ಕ್ಲಾಸಿಗೂ ಬಂದು ಕೂತರು.

ಅವತ್ತು ಚೀನಾದ ಪಾಠ. ಒಬ್ಬಳು ಹುಡುಗಿ ಕೇಳಿದಳು: "ಸಾರ್, ಅಷ್ಟು ದೊಡ್ಡ ಚಕ್ರವರ್ತಿ, ಅಷ್ಟು ದೊಡ್ಡ ಸೈನ್ಯ. ಅವನಿಗೆ ಈ ನವ-ಕನ್ಫ್ಯೂಷಿಯಸ್ ಸಿದ್ಧಾಂತ ಯಾಕೆ ಬೇಕಾಯ್ತು?" ಒಳ್ಳೆಯ ಪ್ರಶ್ನೆ. ಹಿಂದಿನ ಬೆಂಚಿನಲ್ಲಿ ಚೇರ್ಮನ್ನರು. ನನಗೆ ರಂಗು ಏರಿತು.

ಹೇಳಿದೆ: ಸೈನ್ಯ ಗಡಿಗೆ ಸಾಕು, ಮನೆಮನೆಗೆ ಸಾಲುವುದಿಲ್ಲ. ಹಿಂದೆ ಜನ ಬುದ್ಧನ ದಾರಿ ಹಿಡಿದು ಮಠ ಸೇರುತ್ತಿದ್ದರು. ಮಠ ಸೇರಿದವನು ತೆರಿಗೆ ಕೊಡುವುದಿಲ್ಲ, ಬಿಟ್ಟಿ ಕೆಲಸಕ್ಕೆ ಬರುವುದಿಲ್ಲ, ಮಕ್ಕಳನ್ನೂ ಮಾಡುವುದಿಲ್ಲ. ಸೊಂಗ್ ವಂಶದ ಕಾಲದ ಪಂಡಿತರು ಕನ್ಫ್ಯೂಷಿಯಸ್ಸನ ಹಳೆಯ ನೀತಿಗೆ ಬೌದ್ಧರ ಕಡೆಯಿಂದಲೇ ಸ್ವಲ್ಪ ತತ್ತ್ವ ಎರವಲು ತಂದು ಬೆರೆಸಿದರು. ಮುಕ್ತಿ ಬೇಕಾ? ಬೆಟ್ಟಕ್ಕೆ ಓಡಬೇಡ. ಮನೆಯಲ್ಲೇ ಇದ್ದು ಅಪ್ಪನ ಮಾತು ಕೇಳು, ಓದು, ಮನಸ್ಸು ತಿದ್ದಿಕೋ. ಸೂರ್ಯಚಂದ್ರರು ಯಾವ ನಿಯಮದಿಂದ ನಡೆಯುತ್ತಾರೋ ಅದೇ ನಿಯಮದಿಂದ ಮಗ ಅಪ್ಪನಿಗೆ ತಗ್ಗುತ್ತಾನೆ, ಪ್ರಜೆ ರಾಜನಿಗೆ ತಗ್ಗುತ್ತಾನೆ. ಹೀಗೆ ಒಪ್ಪಿಬಿಟ್ಟರೆ ರಾಜನ ಮಾತು ಮೀರಿದವನು ಆಕಾಶದ ಮಾತನ್ನೇ ಮೀರಿದ ಹಾಗೆ. ಚಕ್ರವರ್ತಿಗೆ ಇದಕ್ಕಿಂತ ಅಗ್ಗದ ಪೊಲೀಸು ಎಲ್ಲಿ ಸಿಗಬೇಕು?

ತಮಾಷೆಯೆಂದರೆ ಆ ಪಂಡಿತರಲ್ಲಿ ಅತಿ ದೊಡ್ಡವನು ಬದುಕಿದ್ದಾಗ ಸೊಂಗ್ ಆಸ್ಥಾನವೇ ಅವನ ವಿದ್ಯೆಯನ್ನು ಸುಳ್ಳು ವಿದ್ಯೆ ಎಂದು ನಿಷೇಧಿಸಿತ್ತು. ಸತ್ತ ಮೇಲೆ ಅದೇ ಆಸ್ಥಾನ ಅವನ ವ್ಯಾಖ್ಯಾನಕ್ಕೆ ಮನ್ನಣೆ ಕೊಟ್ಟಿತು. ಹೊರಗಿನಿಂದ ಕುದುರೆ ಏರಿ ಬಂದ ಮಂಗೋಲರು ಅದನ್ನೇ ಸರ್ಕಾರಿ ಪರೀಕ್ಷೆಯ ಪಠ್ಯ ಮಾಡಿದರು; ಆ ನೆಲದವರು ಗೌರವಿಸುವ ಪುಸ್ತಕ ಕೈಯಲ್ಲಿದ್ದರೆ ಹೊರಗಿನವನೂ ಒಳಗಿನವನೇ. ಮತ್ತೆ ಆ ಪರೀಕ್ಷೆಯಾದರೂ ಎಂಥದ್ದು! ಊರಲ್ಲಿ ದಂಗೆ ಎಬ್ಬಿಸುವಷ್ಟು ಬುದ್ಧಿ ಯಾರಿಗಿದೆಯೋ ಅವರೇ ಪರೀಕ್ಷೆಗೆ ಕೂರುವವರು. ಇಪ್ಪತ್ತು ವರ್ಷ, ಮೂವತ್ತು ವರ್ಷ ಒಂದೇ ವ್ಯಾಖ್ಯಾನ ಬಾಯಿಪಾಠ. ಪಾಸಾದರೆ ರಾಜನ ಅಧಿಕಾರಿ, ಫೇಲಾದರೆ ಮುಂದಿನ ಸಲದ ತಯಾರಿ. ದಂಗೆಗೆ ಪುರುಸೊತ್ತೆಲ್ಲಿ?

"ಆದರೆ ಇದಕ್ಕೆ ಇನ್ನೊಂದು ಮಗ್ಗುಲಿದೆ," ಎಂದು ನಾನು ದನಿ ಏರಿಸುವಷ್ಟರಲ್ಲಿ ಚೇರ್ಮನ್ನರ ಫೋನು ಬಡಿಯಿತು. ಅವರು ಎದ್ದು ಹೊರಗೆ ಹೋದರು. ಆಕಾಶದ ನಿಯಮ ರಾಜನಿಗೂ ಮೇಲೆ, ರಾಜ ತಪ್ಪಿದರೆ ಮುಖದ ಮುಂದೆ ಹೇಳುವುದೇ ನಿಜವಾದ ನಿಷ್ಠೆ ಎಂಬ ಆ ಇನ್ನೊಂದು ಮಗ್ಗುಲನ್ನು ಮಕ್ಕಳು ಮಾತ್ರ ಕೇಳಿದರು.

ಮರುದಿನ ಬುಲಾವು. ಚೇರ್ಮನ್ನರು ಕುರ್ಚಿಯ ತುದಿಯಲ್ಲಿ ಕೂತಿದ್ದರು.

"ಮಾಷ್ಟ್ರೇ, ನಾನು ವರ್ಷಕ್ಕೆ ನಾಲ್ಕು ಸಲ ಚೀನಾಕ್ಕೆ ಹೋಗ್ತೇನೆ. ತಂದದ್ದು ಟೈಲ್ಸ್ ಮಾತ್ರ. ಇಷ್ಟು ಒಳ್ಳೆ ಐಟಂ ಅಲ್ಲಿ ಉಂಟು ಅಂತ ಯಾರೂ ಹೇಳ್ಲೇ ಇಲ್ಲ ನೋಡಿ!"

"ಯಾವುದು ಸಾರ್?"

"ಅದೇ ಮಾರಾಯ್ರೆ, ನಿನ್ನೆ ಹೇಳಿದ್ದು. ನಮ್ಮ ಸ್ಟಾಫ್ ರೂಮಿಗೆ ಯಾವಾಗ ಹೋದ್ರೂ ಕಂಪ್ಲೇಂಟ್. ಪೀರಿಯಡ್ ಜಾಸ್ತಿ ಆಯ್ತು, ಬಸ್ ಸರಿ ಇಲ್ಲ, ಅದು ಇಲ್ಲ, ಇದು ಇಲ್ಲ. ನೀವು ಒಂದು ಬುಕ್ ಬರೀರಿ. ಟೀಚರ್ ಅಂದ್ರೆ ಹೇಗಿರ್ಬೇಕು, ಶಾಲೆ ಅಂದ್ರೆ ಮನೆ, ಹಾಗೆಲ್ಲ. ಮತ್ತೆ ಎಲ್ರಿಗೂ ಪರೀಕ್ಷೆ ಇಡುವ. ಪಾಸಾದವರಿಗೆ ಕಾಂಟ್ರಾಕ್ಟ್ ರಿನೀವಲ್. ಯಲ್ಲಾ ಯಲ್ಲಾ, ಬೇಗ ಶುರು ಮಾಡಿ."

ಇಲ್ಲಿ ನಾನು ಮಾಡಬೇಕಾದ್ದು ಏನು? ಸಾರ್, ನಾನು ಹೇಳಿದ್ದು ಹೊಗಳಿಕೆಯಲ್ಲ, ಆಳುವವರ ಉಪಾಯವನ್ನು ಬಿಡಿಸಿ ತೋರಿಸಿದ್ದು ಎಂದು ಹೇಳಬೇಕಿತ್ತು. ಹೇಳಲಿಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ನನ್ನ ಪಾಠ ಕೇಳಿ ಒಬ್ಬ ಮನುಷ್ಯ ಏನೋ ಮಾಡಲು ಹೊರಟಿದ್ದ! ಗಣಿತದವರಿಗೆ ಈ ಭಾಗ್ಯ ಉಂಟಾ? ನೆಲದಿಂದ ಒಂದಡಿ ಮೇಲೆ ನಡೆದುಕೊಂಡು ಮನೆಗೆ ಹೋದೆ. ಹೆಂಡತಿ ಸುಮತಿ ಎಲ್ಲ ಕೇಳಿ, "ನಿಮ್ಮನ್ನು ಯಾರಾದ್ರೂ ಸ್ವಲ್ಪ ಹೊಗಳಿದ್ರೆ ಸಾಕು, ಬಾವಿಗೆ ಹಾರು ಅಂದ್ರೂ ಹಾರ್ತೀರಿ," ಎಂದಳು. ನಾನು ಕೇಳಿಸಿಕೊಳ್ಳಲಿಲ್ಲ.

ಪುಸ್ತಿಕೆ ಇಂಗ್ಲಿಷಿನಲ್ಲಿ, ಏಳು ಅಧ್ಯಾಯ. ನನಗೆ ಟೈಪಿಂಗ್ ಬಾರದು. ಟೈಪ್ ಮಾಡಿಕೊಟ್ಟವರು ಗಣಿತದ ಝುಬೈದಾ ಟೀಚರ್. ಉಪ್ಪಿನಂಗಡಿ ಕಡೆಯ ಬ್ಯಾರಿ ಹೆಣ್ಣುಮಗಳು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಪೇರೆಂಟ್ಸ್ ಮೀಟಿಂಗಿನಲ್ಲಿ ನಾನು ಜನರಿಗೆ ದಾರಿ ತೋರಿಸುತ್ತಿದ್ದದ್ದು ಅವರ ಮೇಜಿಗೇ. ಫ್ರೀ ಪೀರಿಯಡ್ಡಿನಲ್ಲಿ ಕೂತು ನನ್ನ ಕಾಗೆಕಾಲಿನ ಅಕ್ಷರ ಬಿಡಿಸುತ್ತಾ, ಮಧ್ಯೆ ಮಧ್ಯೆ ನಗುತ್ತಿದ್ದರು.

"ಮಾಷ್ಟ್ರೇ, ಚೇರ್ಮನ್ ತಂದೆ ಸ್ಥಾನ ಅಂತ ಬರ್ದಿದ್ದೀರಿ. ಪ್ರಿನ್ಸಿಪಾಲ್ ಮೇಡಂ ಎಂತ ಹಾಗಾದ್ರೆ, ಚಿಕ್ಕಮ್ಮನಾ?"

"ಟೈಪ್ ಮಾಡಿ ಟೀಚರೇ, ತಮಾಷೆ ಮಾಡ್ಬೇಡಿ."

ಏಳನೇ ಅಧ್ಯಾಯಕ್ಕೆ ಬಂದಾಗ ಮಾತ್ರ ಅವರು ನಗಲಿಲ್ಲ. ಅದು 'ತಪ್ಪನ್ನು ಹೇಳುವ ಧರ್ಮ'. ನಿಜ ಹೇಳಬೇಕೆಂದರೆ ಆ ಇಡೀ ಪುಸ್ತಿಕೆಯಲ್ಲಿ ನಾನು ಮನಸ್ಸಿಟ್ಟು ಬರೆದದ್ದು ಅದೊಂದನ್ನೇ. ಚಕ್ರವರ್ತಿಗೆ ಬುದ್ಧಿ ಹೇಳುವ ಪತ್ರ ಬರೆದು, ಹೇಗೂ ತಲೆ ಹೋಗುತ್ತದೆ ಎಂದು ತನ್ನ ಶವಪೆಟ್ಟಿಗೆಯನ್ನು ತಾನೇ ಕೊಂಡಿಟ್ಟ ಚೀನೀ ಅಧಿಕಾರಿಯ ಕಥೆ ಅದರಲ್ಲಿತ್ತು. ಟೈಪ್ ಮಾಡಿ ಮುಗಿಸಿ ಝುಬೈದಾ ಟೀಚರ್ ಆ ಹಾಳೆಗಳನ್ನು ಇನ್ನೊಮ್ಮೆ ಓದಿದರು. "ಇದು ಒಳ್ಳೇದುಂಟು ಮಾಷ್ಟ್ರೇ," ಎಂದರು.

ಚೇರ್ಮನ್ನರು ಕರಡನ್ನು ಮುಂದಿಟ್ಟುಕೊಂಡು ಆರು ಅಧ್ಯಾಯಗಳಿಗೆ ತಲೆಯಾಡಿಸಿದರು. ಏಳನೆಯದಕ್ಕೆ ಕೆಂಪು ಪೆನ್ನು ಎಳೆದರು, ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ.

"ಇದು ಬೇಡ. ಪೇಜ್ ಜಾಸ್ತಿ ಆಗ್ತದೆ. ಪ್ರಿಂಟಿಂಗ್ ಸುಮ್ನೆ ಅಲ್ಲ."

ನನಗೆ ನಗು ಬಂತು. "ಸಾರ್, ಮಿಂಗ್ ವಂಶದ ಮೊದಲನೇ ಚಕ್ರವರ್ತಿಯೂ ಇದೇ ಮಾಡಿದ್ದು. ಪ್ರಜೆ ದೊಡ್ಡವನು, ರಾಜ ಸಣ್ಣವನು ಅಂತ ಹಳೇ ಗ್ರಂಥದಲ್ಲಿ ಎಲ್ಲೆಲ್ಲಿ ಇತ್ತೋ ಅದನ್ನೆಲ್ಲ ಕಿತ್ತು ಹಾಕ್ಸಿದ."

ಚುಚ್ಚುತ್ತದೆ ಎಂದುಕೊಂಡು ಹೇಳಿದ್ದೆ. ಚೇರ್ಮನ್ನರ ಮುಖ ಅರಳಿತು. "ಹೌದಾ! ನೋಡಿ ಮತ್ತೆ. ದೊಡ್ಡವರ ತಲೆ ಎಲ್ಲ ಒಂದೇ ತರ ಓಡುದು!"

ಅವತ್ತು ಒಂದು ಪಾಠ ಕಲಿತೆ. ಅಧಿಕಾರದಲ್ಲಿ ಇರುವವರನ್ನು ವ್ಯಂಗ್ಯದಿಂದ ಚುಚ್ಚಲು ಹೋಗಬೇಡಿ, ಅವರು ಅದನ್ನು ಶಾಲಿನಂತೆ ಹೊದ್ದುಕೊಳ್ಳುತ್ತಾರೆ.

ಬೇಸಿಗೆ ರಜೆ ಮುಗಿದು ಸೆಪ್ಟೆಂಬರಿನಲ್ಲಿ ಶಾಲೆ ತೆರೆಯಿತು. ಎರಡನೇ ವಾರ ಪರೀಕ್ಷೆ. ನೀವು ಆ ದೃಶ್ಯ ನೋಡಬೇಕಿತ್ತು. ಹಿಂದಿನ ದಿನದವರೆಗೆ ಮಕ್ಕಳಿಗೆ ಕಾಪಿ ಹೊಡೆಯಬಾರದು ಎಂದು ಕಿವಿ ಹಿಂಡುತ್ತಿದ್ದವರು ಅಂಗೈಯಲ್ಲಿ ಅಧ್ಯಾಯಗಳ ಹೆಸರು ಬರೆದುಕೊಂಡು ಬಂದಿದ್ದರು. ಕೆಮಿಸ್ಟ್ರಿಯವರು ಬಾತ್‌ರೂಮಿಗೆ ಮೂರು ಸಲ ಹೋದರು. ಪಿ.ಟಿ. ಮಾಸ್ಟರ್ ದಿನೇಶರು ಆರು ಅಧ್ಯಾಯಗಳನ್ನೂ ಅಲ್ಪವಿರಾಮ ಸಮೇತ ಉರುಹೊಡೆದು, ಅಚ್ಚಿನ ತಪ್ಪುಗಳನ್ನೂ ಬಿಡದೆ ಹಾಗೆಯೇ ಇಳಿಸಿದರು. ಪೇಪರು ತಿದ್ದುವವನು ನಾನೇ. ಅವರಿಗೆ ಐವತ್ತಕ್ಕೆ ನಲವತ್ತೊಂಬತ್ತು ಕೊಟ್ಟೆ. ಚರಿತ್ರೆಯ ಮೇಷ್ಟ್ರುಗಳು ಪೂರ್ತಿ ಮಾರ್ಕು ಕೊಡುವುದಿಲ್ಲ. ಮರುವಾರವೇ ಅವರು ಮೌಲ್ಯಶಿಕ್ಷಣದ ಮುಖ್ಯಸ್ಥರಾಗಿ ಕ್ಯಾಬಿನ್ ಪಡೆದರು. ಆಟದ ಪೀರಿಯಡ್ಡಿನಲ್ಲಿ ಮಕ್ಕಳು ಸುಮ್ಮನೆ ಕೂತು ಬೆವರು ಒರೆಸಿಕೊಂಡರು.

ಐದನೇ ಪ್ರಶ್ನೆ ಹತ್ತು ಮಾರ್ಕಿನದು: ನಿಷ್ಠಾವಂತ ಶಿಕ್ಷಕರ ಲಕ್ಷಣವೇನು? ಎಲ್ಲರೂ ಮೂರನೇ ಅಧ್ಯಾಯ ಇಳಿಸಿದ್ದರು. ಝುಬೈದಾ ಟೀಚರ್ ಹೀಗೆ ಬರೆದಿದ್ದರು:

"ನಿಷ್ಠೆ ಎಂದರೆ ತಪ್ಪನ್ನು ಮೇಲಿನವರ ಮುಖದ ಮುಂದೆ ಹೇಳುವುದು. ಏಳನೇ ನಂಬರಿನ ಬಸ್ಸಿನ ಎಸಿ ಜೂನ್ ತಿಂಗಳಲ್ಲೇ ಕೆಟ್ಟಿದೆ. ನಾಲ್ಕು ಸಲ ಬರೆದುಕೊಟ್ಟಿದ್ದೇನೆ. ಮೊನ್ನೆ ಕೆಜಿಯ ಮಗುವೊಂದು ಇಳಿಯುವಾಗ ನನ್ನ ಕೈಮೇಲೆಯೇ ಪ್ರಜ್ಞೆ ತಪ್ಪಿ ಬಿತ್ತು. ಚೇರ್ಮನ್ ಅವರು ತಂದೆಯ ಸ್ಥಾನದಲ್ಲಿದ್ದಾರೆ ಎಂದು ಎರಡನೇ ಅಧ್ಯಾಯ ಹೇಳುತ್ತದೆ. ತಂದೆಯಾದವರು ಒಂದು ಮಧ್ಯಾಹ್ನ ಆ ಬಸ್ಸಿನಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯವರೆಗೆ ಮಕ್ಕಳ ಜೊತೆ ಕೂತು ಹೋಗಬೇಕೆಂದು ವಿನಂತಿ."

ಆ ಉತ್ತರವನ್ನು ಎರಡು ಸಲ ಓದಿದೆ. ಬೇರೆ ಯಾರಿಗೂ ಕಾಣದ ನನ್ನ ಏಳನೇ ಅಧ್ಯಾಯ ಅಲ್ಲಿ ಕೂತಿತ್ತು. ಒಂಬತ್ತು ಮಾರ್ಕು ಹಾಕಿದೆ. ಒಟ್ಟು ಮೂವತ್ತೊಂದು. ಪಾಸಾಗಲು ಇಪ್ಪತ್ತೈದು ಬೇಕಿತ್ತು.

ಅವರಿಗೆ ಪಾಸಾಗುವುದು ಎಷ್ಟು ಮುಖ್ಯ ಎಂದು ನನಗೆ ಗೊತ್ತಿತ್ತು. ಮುಸಫ್ಫಾದಲ್ಲಿ ಎಣ್ಣೆ ಬಾವಿಗಳ ಕೆಲಸದ ಕಂಪನಿಯೊಂದರಲ್ಲಿದ್ದ ಅವರ ಗಂಡ ಹನೀಫ್ ಆ ವರ್ಷವೇ ಕೆಲಸ ಕಳೆದುಕೊಂಡಿದ್ದರು. ಗಂಡ, ಇಬ್ಬರು ಮಕ್ಕಳು ಎಲ್ಲರೂ ಈಗ ಇವರ ವೀಸಾದ ಮೇಲೆ. ಇವರ ಕಾಂಟ್ರಾಕ್ಟು ಮುಗಿಯುವುದು ಡಿಸೆಂಬರಿನಲ್ಲಿ. ರಿನೀವಲ್ ಆಗದಿದ್ದರೆ ಇವರ ವೀಸಾ ರದ್ದು, ಅದರ ಜೊತೆ ಮೂವರದೂ ರದ್ದು. ಬೇರೆ ಕೆಲಸ ಹುಡುಕಲು ಹನೀಫರಿಗೆ ಕಾಲೂರಲು ನೆಲವೇ ಇರುತ್ತಿರಲಿಲ್ಲ.

ಉತ್ತರಪತ್ರಿಕೆಗಳನ್ನು ಚೇರ್ಮನ್ನರು ತರಿಸಿಕೊಂಡು ನೋಡಿದರು. ಎರಡು ದಿನ ಬಿಟ್ಟು ಕರೆಸಿದರು. ಅವರ ದನಿಯಲ್ಲಿ ಸಿಟ್ಟಿನ ಸುಳಿವೇ ಇರಲಿಲ್ಲ. ಚಹಾ ತರಿಸಿದರು, ಖರ್ಜೂರದ ತಟ್ಟೆ ನನ್ನ ಕಡೆ ದೂಡಿದರು. ಮೇಜಿನ ಮೇಲೆ ಒಂದೇ ಒಂದು ಪೇಪರು.

"ಮಾಷ್ಟ್ರೇ, ಬಸ್ಸಿನ ವಿಷಯ ಬೇರೆ, ಅದು ನಾನು ನೋಡ್ತೇನೆ. ಆದ್ರೆ ಈ ಆನ್ಸರ್ ಬುಕ್ಕಲ್ಲಿ ಉಂಟಾ?"

"ಬುಕ್ಕಲ್ಲಿ... ಇಲ್ಲ ಸಾರ್."

"ಇಲ್ಲದ್ದಕ್ಕೆ ಒಂಬತ್ತು ಮಾರ್ಕಾ? ನಾನು ಎಂತದೂ ಹೇಳುದಿಲ್ಲ ಆಯ್ತಾ. ನಂಗೆ ಚರಿತ್ರೆ ಗೊತ್ತಿಲ್ಲ. ನೀವು ತಿಳಿದವರು, ನೀವೇ ಇನ್ನೊಮ್ಮೆ ನೋಡಿ." ಪೇಪರನ್ನು ನನ್ನ ಕೈಗೆ ಕೊಟ್ಟು, ಬಾಗಿಲವರೆಗೆ ಬಂದು ಬೆನ್ನು ತಟ್ಟಿದರು. "ಮತ್ತೆ ಮಗಳು ಹನ್ನೆರಡನೇ ಕ್ಲಾಸಲ್ವಾ? ಚೆಂದ ಓದ್ಲಿಕ್ಕೆ ಹೇಳಿ."

ಸ್ಟಾಫ್ ರೂಮಿಗೆ ಬಂದು ಕೂತೆ. ಮಗಳಿಗೆ ಮಾರ್ಚಿನಲ್ಲಿ ಬೋರ್ಡ್ ಪರೀಕ್ಷೆ. ನನ್ನ ಕಾಂಟ್ರಾಕ್ಟೂ ಅದೇ ಶಾಲೆಯದು, ಅವಳ ವೀಸಾವೂ ನನ್ನದೇ ಮೇಲೆ. ಇದನ್ನೆಲ್ಲ ಈಗ ಸಮರ್ಥನೆಗಾಗಿ ಬರೆಯುತ್ತಿಲ್ಲ, ಆಗ ತಲೆಯಲ್ಲಿ ಓಡಿದ್ದನ್ನು ಬರೆಯುತ್ತಿದ್ದೇನೆ. ಡ್ರಾಯರಿನಿಂದ ವೈಟ್ನರ್ ತೆಗೆದೆ. ಒಂಬತ್ತನ್ನು ಅಳಿಸಿ, ಒಣಗುವವರೆಗೆ ಊದಿ, ಸೊನ್ನೆ ಬರೆದೆ. ಪಕ್ಕದಲ್ಲಿ 'ಪಠ್ಯದ ಹೊರಗಿನದು' ಎಂದು ಷರಾ ಹಾಕಿದೆ. ಒಟ್ಟು ಇಪ್ಪತ್ತೆರಡು. ಸಮುದ್ರಗಳ ಹೆಸರು ತಿದ್ದಿ ಪಳಗಿದ ಕೈ, ಒಂದಿಷ್ಟೂ ನಡುಗಲಿಲ್ಲ.

ಚಕ್ರವರ್ತಿಗಳು ಆ ಸಿದ್ಧಾಂತವನ್ನೇ ಯಾಕೆ ಆರಿಸಿಕೊಂಡರು ಎಂದು ಮಕ್ಕಳಿಗೆ ಅಷ್ಟು ವರ್ಷ ಪಾಠ ಮಾಡಿದವನಿಗೆ ಉತ್ತರ ಸರಿಯಾಗಿ ಅರ್ಥವಾದದ್ದು ಆ ವೈಟ್ನರ್ ಒಣಗುವಷ್ಟು ಹೊತ್ತಿನಲ್ಲಿ. ಯಾರೂ ನನಗೆ ಆಜ್ಞೆ ಮಾಡಿರಲಿಲ್ಲ. ಬೈದಿರಲೂ ಇಲ್ಲ. ಚಹಾ ಕೊಟ್ಟಿದ್ದರು, ತಿಳಿದವರು ಎಂದಿದ್ದರು. ಮಿಕ್ಕದ್ದನ್ನು ಪಂಡಿತ ತಾನಾಗಿಯೇ ಮಾಡಿ ಮುಗಿಸಿದ. ಥೂ, ಎಂಥ ಮನುಷ್ಯ ನಾನು ಎಂದು ಅವತ್ತು ಅನಿಸಿತು, ಇವತ್ತೂ ಅನಿಸುತ್ತದೆ.

ಬಸ್ಸಿನ ಎಸಿ ಅದೇ ವಾರ ರಿಪೇರಿಯಾಯಿತು. ಮಕ್ಕಳ ಮೇಲೆ ಚೇರ್ಮನ್ನರಿಗಿರುವ ಪಿತೃವಾತ್ಸಲ್ಯಕ್ಕೆ ಇದು ಸಾಕ್ಷಿ ಎಂದು ದಿನೇಶ್ ಮಾಸ್ಟರು ಸರ್ಕ್ಯುಲರ್ ಹೊರಡಿಸಿದರು. ಇಂಗ್ಲಿಷ್ ತಿದ್ದಿಕೊಟ್ಟವನು ನಾನು.

ಡಿಸೆಂಬರಿನಲ್ಲಿ ಝುಬೈದಾ ಟೀಚರ ಹೆಸರು ರಿನೀವಲ್ ಪಟ್ಟಿಯಲ್ಲಿ ಇರಲಿಲ್ಲ. ಶಾಲೆ ಬಿಡುವವರು ಒಂದು ಕ್ಲಿಯರೆನ್ಸ್ ಫಾರಂ ಹಿಡಿದು ಎಲ್ಲ ವಿಭಾಗದವರ ಸಹಿ ಪಡೆಯಬೇಕು: ಲ್ಯಾಬು, ಲೈಬ್ರರಿ, ಬಸ್ಸು, ಪರೀಕ್ಷೆ. ಪರೀಕ್ಷೆಯ ಸಹಿ ನನ್ನದು. ಕೊನೆಯ ಪೀರಿಯಡ್ಡಿನಲ್ಲಿ ಬಂದರು. ಸ್ಟಾಫ್ ರೂಮಿನಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಬೈಯಲಿ, ಕೂಗಾಡಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

"ಟಿಕೆಟ್ ಯಾವತ್ತಿಗೆ ಟೀಚರೇ?"

"ಹದಿನೆಂಟಕ್ಕೆ. ಇವರದ್ದು ಸ್ಕ್ರೂಡ್ರೈವರ್, ಸ್ಪ್ಯಾನರ್ ಎಲ್ಲ ಕಾರ್ಗೋಗೆ ಹಾಕಿ ಆಯ್ತು. ಮಕ್ಕಳಿಗೆ ಪುತ್ತೂರಲ್ಲಿ ಸೀಟ್ ಕೇಳಿದ್ದೇನೆ. ದೊಡ್ಡವಳಿಗೆ ಕನ್ನಡ ಓದ್ಲಿಕ್ಕೇ ಬರುದಿಲ್ಲ, ಅದೊಂದು ಹೆದ್ರಿಕೆ."

ನಾನು ಫಾರಂ ಎಳೆದುಕೊಂಡೆ. ಪೆನ್ನು ಹಿಡಿದ ಮೇಲೆ ತಡೆಯಲಾಗಲಿಲ್ಲ. "ಟೀಚರೇ, ನೀವು ಅದನ್ನು ಪರೀಕ್ಷೆಯಲ್ಲಿ ಯಾಕೆ ಬರೀಲಿಕ್ಕೆ ಹೋದದ್ದು? ನಿಮ್ಮ ಪರಿಸ್ಥಿತಿ ನಿಮಗೆ ಗೊತ್ತಿತ್ತಲ್ಲ?"

ಅವರು ನನ್ನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು.

"ಗೊತ್ತಿತ್ತು ಮಾಷ್ಟ್ರೇ. ಬೇರೆ ಯಾರಾದ್ರೂ ಪೇಪರ್ ನೋಡುದಾಗಿದ್ರೆ ನಾನು ಬರೀತಿರ್ಲಿಲ್ಲ. ನೀವು ನೋಡುದಲ್ವಾ ಅಂತ ಧೈರ್ಯ ಮಾಡಿದ್ದು."

ನಾನು ಸಹಿ ಹಾಕಿದೆ, ತಾರೀಖು ಬರೆದೆ, ಶಾಲೆಯ ಸೀಲು ಒತ್ತಿದೆ. ಅವರು ಫಾರಂ ತೆಗೆದುಕೊಂಡು, ಎಂದಿನಂತೆ ಥ್ಯಾಂಕ್ಸ್ ಹೇಳಿ, ಮುಂದಿನ ಸಹಿಗೆ ಬಸ್ ಆಫೀಸಿನ ಕಡೆ ಹೋದರು.